ಟಿಕೆಟ್ ಕಿಟಕಿಯ ನಿಮಿಷಗಳು

ಜುಲೈ 3

ಅಮ್ಮಾ,

ಫೋನಿನಲ್ಲಿ ನೀನು ಎರಡನೇ ನಿಮಿಷಕ್ಕೇ "ಸರಿ, ಇಡ್ಲಾ?" ಅಂತೀಯ. ನಾಟಕಮಂದಿರದ ಟಿಕೆಟ್ ಕಿಟಕಿಯಲ್ಲಿ ಕೂತು ಗಾಜಿನ ತೂತಿನಿಂದ ಮಾತಾಡಿ ಮಾತಾಡಿ ಬಂದವಳಿಗೆ ಮನೆಯಲ್ಲಿ ಇನ್ನೊಂದು ತೂತು ಬೇಡ ಎನ್ನುವುದು ನಿನ್ನ ವಾದ. ಒಪ್ಪಿದೆ. ವಾರದ ಫೋನು ಊಟ, ನಿದ್ದೆ, ಕೆಮ್ಮಿಗೆ ಇರಲಿ. ಉಳಿದದ್ದೆಲ್ಲ ಕಾಗದದಲ್ಲಿ.

ಹಾಸ್ಟೆಲಿನ ಕೋಣೆ ಮೂರನೇ ಮಹಡಿಯಲ್ಲಿದೆ. ಎರಡು ಮಂಚ, ಒಂದು ಬೀರು. ಬೀರುವಿನ ಬಾಗಿಲು ಮುಚ್ಚಬೇಕಾದರೆ ಮೊಣಕಾಲಿನಿಂದ ಗುದ್ದಬೇಕು. ಹೊರಗೆ ನೋಡಿದರೆ ನೀರಿನ ಟ್ಯಾಂಕು. ಜೊತೆಗಿರುವ ಹುಡುಗಿ ಹೆಡ್‌ಫೋನ್ ಹಾಕಿಕೊಂಡೇ ಏಳುತ್ತಾಳೆ, ಹಾಕಿಕೊಂಡೇ ಮಲಗುತ್ತಾಳೆ. ಮೊದಲ ದಿನ ನನ್ನ ಹೆಸರು ಕೇಳಿದಳು. ಹೇಳಿದೆ. "ಓ" ಅಂದಳು. ಅಲ್ಲಿಗೆ ಪರಿಚಯ ಮುಗಿಯಿತು.

ತರಗತಿಯಲ್ಲಿ ಮೂವತ್ತನಾಲ್ಕು ಜನ. ಮೊದಲ ದಿನವೇ ಮೇಡಮ್ ಒಳಗೆ ಬಂದು, "ಇಲ್ಲಿ ಕಲಾವಿದರಾಗೋಕೆ ಬಂದಿರೋರು ಯಾರ್ಯಾರು, ಕೈ ಎತ್ತಿ" ಅಂದರು. ಅರ್ಧಕ್ಕಿಂತ ಹೆಚ್ಚು ಕೈ ಮೇಲೆದ್ದವು. "ನೀವು ಪಕ್ಕದ ಕಟ್ಟಡಕ್ಕೆ ಹೋಗಬೇಕಿತ್ತು. ಇಲ್ಲಿ ಕಲಿಸೋದು ಕಲೆ ಮತ್ತು ಮಾಧ್ಯಮದ ನಿರ್ವಹಣೆ. ಪರದೆ ಹಿಂದೆ ಇರೋರನ್ನೂ ಮುಂದೆ ಇರೋರನ್ನೂ ಹೊತ್ತಿಗೆ ಸರಿಯಾಗಿ ಒಂದೇ ಕಡೆ ಸೇರಿಸೋ ಕೆಲಸ. ಚಪ್ಪಾಳೆ ನಿಮಗೆ ಬರಲ್ಲ" ಅಂದರು. ಎತ್ತಿದ ಕೈಗಳೆಲ್ಲ ತಲೆ ಕೆರೆದುಕೊಂಡವು. ನಾನು ಎತ್ತಿರಲಿಲ್ಲ. ಆ ಕೆಲಸ ಮಾಡುವವಳ ಮಗಳು ನಾನು, ಚಪ್ಪಾಳೆ ಯಾರಿಗೆ ಬೀಳುತ್ತದೆ ಎಂದು ನನಗೆ ಗೊತ್ತಿಲ್ಲವೇ?

ಚಿಂತೆ ಮಾಡಬೇಡ. ಆಗಲೇ ಮೂವರು ಗೆಳತಿಯರಾಗಿದ್ದಾರೆ. ಒಬ್ಬಳು ಯಾವಾಗಲೂ ನಗುತ್ತಾಳೆ, ಒಬ್ಬಳಿಗೆ ಮೊಣಕಾಲುದ್ದ ಜಡೆ, ಮೂರನೆಯವಳು ಪದ್ಯ ಬರೆಯುತ್ತಾಳೆ. ಮಧ್ಯಾಹ್ನ ನಾಲ್ವರೂ ಒಂದೇ ಮೇಜಿಗೆ ಕೂರುತ್ತೇವೆ.

ನಿನ್ನ
ಬಾಲ


ಜುಲೈ 14

ಬಾಲವೇ,

ಬಾಲ ಕಳಚಿಕೊಂಡು ಹೋದ ಮೇಲೆ ಪ್ರಾಣಿಗೆ ಕೂರುವುದು ಸುಲಭ ಎಂದುಕೊಂಡಿದ್ದೆ. ಹಾಗೇನೂ ಆಗಿಲ್ಲ. ಎರಡು ತಟ್ಟೆ ತೆಗೆಯುವುದು, ಒಂದನ್ನು ಮತ್ತೆ ಒಳಗಿಡುವುದು, ಇದೇ ಆಗಿದೆ.

ಪಕ್ಕದ ಮನೆಯವಳು ಬಂದು ಕೇಳಿದಳು, "ನಿಮ್ಮ ಹುಡುಗಿ ಏನೋ ಕಲೆ ಓದ್ತಿದ್ದಾಳಂತಲ್ಲ. ಹಾಡ್ತಾಳಾ?" ಇಲ್ಲ ಎಂದೆ. "ಕುಣೀತಾಳಾ?" ಅದೂ ಇಲ್ಲ. "ಚಿತ್ರ ಬಿಡಿಸ್ತಾಳಾ?" ಅವಳು ಬಿಡಿಸಿದ ಬೆಕ್ಕನ್ನು ಎಲ್ಲರೂ ಬಕೆಟ್ಟು ಅಂದುಕೊಳ್ಳುತ್ತಿದ್ದರು ಎಂದೆ. "ಮತ್ತೇನು ಮಾಡ್ತಾಳೆ?" "ಹಾಡೋರಿಗೆ ಮೈಕು, ಕೇಳೋರಿಗೆ ಕುರ್ಚಿ, ಇಬ್ಬರಿಗೂ ಒಂದು ದಿನಾಂಕ, ಇಷ್ಟನ್ನ ಹೊಂದಿಸ್ತಾಳೆ" ಎಂದೆ. "ಅದಕ್ಕೆ ಮೂರು ವರ್ಷ ಓದಬೇಕಾ?" ಎಂದು ಮೂಗು ಮುರಿದು ಹೋದಳು. ಹದಿನಾರು ವರ್ಷದಿಂದ ಬರೀ ಕುರ್ಚಿ ಹಂಚಿದವಳು ನಾನು, ನನಗಿನ್ನೂ ಪೂರ್ತಿ ಬಂದಿಲ್ಲ ಅಂತ ಅವಳಿಗೆ ಏನು ಗೊತ್ತು.

ಕಿಟಕಿಯ ಸುದ್ದಿ ಕೇಳು. ಕೊಡೆಯಜ್ಜ ನೆನಪಿದ್ದಾರಲ್ಲ, ಸುಡುಬಿಸಿಲಿಗೂ ಕೊಡೆ ಹಿಡಿದು ಬರುವವರು. ಈಗಲೂ ಅದೇ ಪ್ರಶ್ನೆ: "ಈ ನಾಟಕದಲ್ಲಿ ಕೊನೆಗೆ ಯಾರಾದ್ರೂ ಸಾಯ್ತಾರಾ?" ಸಾಯುತ್ತಾರೆ ಎಂದರೆ ಬಾಗಿಲ ಹತ್ತಿರದ ಸೀಟು, ಸಾವಿಗೆ ಮೊದಲೇ ಎದ್ದು ಹೋಗಲು. ಆಸ್ಪತ್ರೆಯ ನರ್ಸಮ್ಮನೂ ಒಬ್ಬಳೇ ಬರುತ್ತಾಳೆ. ಒಬ್ಬರೇ ಬರುವವರನ್ನು ನಾನು ಹೇಗೆ ಕೂರಿಸುತ್ತೇನೆ ಎಂದು ನಿನಗೆ ಹೇಳಿದ್ದೆನೋ ಇಲ್ಲವೋ. ಎರಡು ಕುಟುಂಬದ ನಡುವೆ ಸಿಕ್ಕಿಸಬಾರದು. ಇನ್ನೊಬ್ಬ ಒಂಟಿಯ ಪಕ್ಕಕ್ಕೇ ಹಾಕಿದರೆ ಇಬ್ಬರಿಗೂ ಮುಜುಗರ. ನಡುವೆ ಒಂದು ಸೀಟು ಬಿಡಬೇಕು. ಆ ಸೀಟಿನ ಮೇಲೆ ಯಾರಾದರೂ ಒಬ್ಬರು ಚೀಲ ಇಡುತ್ತಾರೆ. ಇಡುವ ಮೊದಲು "ಇಡಬಹುದಾ?" ಎಂದು ಕೇಳಲೇಬೇಕು. ಅಷ್ಟು ಸಾಕು.

ನಿನ್ನಪ್ಪ ತೀರಿಕೊಂಡ ವರ್ಷ ನಾನು ಆ ಕುರ್ಚಿಯಲ್ಲಿ ಕೂತಾಗ ಮೊದಲು ಕಲಿತದ್ದು ಇದನ್ನೇ. ಯಾರೂ ಹೇಳಿಕೊಟ್ಟದ್ದಲ್ಲ.

ಗೆಳತಿಯರು ಸಿಕ್ಕಿದ್ದು ಕೇಳಿ ನೆಮ್ಮದಿಯಾಯಿತು.

ಅಮ್ಮ


ಆಗಸ್ಟ್ 9

ಅಮ್ಮಾ,

ದೊಡ್ಡ ಸುದ್ದಿ. ಮೊದಲ ಸೆಮಿಸ್ಟರಿನ ಮುಖ್ಯ ಕೆಲಸ ಕೊಟ್ಟಿದ್ದಾರೆ. ಯಾವುದಾದರೂ ಒಂದು ಕಲಾಸಂಸ್ಥೆಯನ್ನು ಆರಿಸಿಕೊಂಡು, ಪ್ರೇಕ್ಷಕನಿಗೆ ನಾಟಕದ ಸುದ್ದಿ ಸಿಕ್ಕ ಗಳಿಗೆಯಿಂದ ಅವನು ಸೀಟಿನಲ್ಲಿ ಕೂರುವವರೆಗೆ ಎಲ್ಲೆಲ್ಲಿ ತಡವಾಗುತ್ತದೆ, ಎಲ್ಲಿ ಅವನು ಬೇಸತ್ತು ವಾಪಸ್ಸು ಹೋಗುತ್ತಾನೆ ಎಂದು ಪತ್ತೆ ಮಾಡಬೇಕು. ಉಳಿದವರು ದೊಡ್ಡ ದೊಡ್ಡ ಟೀವಿ ಕಂಪನಿಗಳ ಹಿಂದೆ ಬಿದ್ದಿದ್ದಾರೆ. ನಾನು ನಮ್ಮ ನಾಟಕಮಂದಿರವನ್ನೇ ಆರಿಸಿಕೊಂಡೆ.

ಮೇಡಮ್ಮಿನ ಮೊದಲ ಮಾತೇ "ಅನಿಸಿಕೆ ಬೇಡ, ಅಂಕಿ ತನ್ನಿ" ಅಂತ. ಹಾಗಾಗಿ ನಿನ್ನಿಂದ ಒಂದು ಉಪಕಾರ. ಒಂದು ತಿಂಗಳು, ಕಿಟಕಿಗೆ ಬರುವ ಪ್ರತಿಯೊಬ್ಬರೂ ಬಂದು ನಿಂತ ಗಳಿಗೆಯಿಂದ ಟಿಕೆಟ್ ಕೈಗೆ ಬರುವವರೆಗೆ ಎಷ್ಟು ನಿಮಿಷವಾಗುತ್ತದೆ, ಬರೆದಿಡುತ್ತೀಯಾ? ಗೋಡೆ ಗಡಿಯಾರ ನಿನ್ನ ಎದುರಿಗೇ ಇದೆ. ಬೇರೆ ಯಾರನ್ನು ಕೇಳಿದರೂ ಅಂದಾಜಿಗೆ ಬರೆದುಬಿಡುತ್ತಾರೆ. ನೀನು ಹಾಗೆ ಮಾಡುವವಳಲ್ಲ.

ಇನ್ನೊಂದು ವಿಷಯ, ಬೇಜಾರು ಮಾಡಿಕೊಳ್ಳಬೇಡ. ನೀನು ನನ್ನಮ್ಮ ಎಂದು ವರದಿಯಲ್ಲಿ ಎಲ್ಲೂ ಬರೆಯುವುದಿಲ್ಲ. ಸ್ವಂತದವರು ಎಂದು ಗೊತ್ತಾದರೆ ಪಕ್ಷಪಾತ ಅಂತಾರೆ. "ಕಿಟಕಿಯ ಸಿಬ್ಬಂದಿ" ಎಂದಷ್ಟೇ ಬರೆಯುತ್ತೇನೆ.

ಗೆಳತಿಯರೆಲ್ಲ ಚೆನ್ನಾಗಿದ್ದಾರೆ. ನಿನ್ನ ಚೀಲದ ಸೀಟಿನ ಕಥೆಯನ್ನು ಮೇಜಿನಲ್ಲಿ ಓದಿ ಹೇಳಿದೆ, ಜಡೆಯವಳಿಗೆ ತುಂಬ ಇಷ್ಟವಾಯಿತು.

ನಿನ್ನ
ಬಾಲ


ಸೆಪ್ಟೆಂಬರ್ 20

ಬಾಲವೇ,

ನೋಟುಬುಕ್ಕು ಇದರ ಜೊತೆಗಿದೆ. ಒಂದು ತಿಂಗಳು, ಇನ್ನೂರ ಹನ್ನೆರಡು ಜನ. ಒಂದು ನಿಮಿಷವನ್ನೂ ನುಂಗಿಲ್ಲ. ನನ್ನ ಕನ್ನಡಕ ಹುಡುಕಿದ ಹೊತ್ತನ್ನೂ ಸೇರಿಸಿದ್ದೇನೆ. ಸಾಲಿನಲ್ಲಿ ಹಿಂದೆ ನಿಂತವರು ಗೊಣಗಿದ್ದನ್ನೂ ಬರೆದಿದ್ದೇನೆ. ನಿನ್ನ ಅಂಕಕ್ಕೆ ನನ್ನಿಂದ ಕುಂದು ಬರಬಾರದು.

ಎಡಗಡೆ ನಿಮಿಷ. ಬಲಗಡೆ, ಯಾಕೆ ಅಷ್ಟು ಹೊತ್ತಾಯಿತು ಎಂಬುದು. ನೀನು ಬಲಗಡೆಯದನ್ನು ಕೇಳಿರಲಿಲ್ಲ. ಆದರೂ ಬರೀ ನಿಮಿಷ ನೋಡಿದರೆ ಕಿಟಕಿಯಲ್ಲಿ ಕೂತವಳು ತೂಕಡಿಸುತ್ತಿದ್ದಳೋ ಏನೋ ಎಂದು ಯಾರಿಗಾದರೂ ಅನಿಸೀತು. ಓದುವುದು ಕಷ್ಟವಾದರೆ ಹೇಳು, ಬಿಡಿಸಿ ಬರೆಯುತ್ತೇನೆ. ಒಂದೆರಡು ಇಲ್ಲೇ ಹಾಕುತ್ತೇನೆ.

ಹನ್ನೊಂದು ನಿಮಿಷ: ಕೊಡೆಯಜ್ಜ. ಕೊನೆಗೆ ಸಾಯುತ್ತಾರಾ ಎಂದರು. ಹೊಸ ನಾಟಕ, ನನಗೂ ಗೊತ್ತಿರಲಿಲ್ಲ. ರಂಗದ ಬೆಳಕು ನೋಡಿಕೊಳ್ಳುವ ದೀಪದ ಮಾಮನನ್ನು ಕರೆಸಿ ಕೇಳಿ ಹೇಳಿದೆ.

ಅರ್ಧ ನಿಮಿಷ: ಐದು ಜನರ ಕುಟುಂಬ. ಇವರಿಗೆ ನನ್ನ ಅಗತ್ಯವಿಲ್ಲ.

ಆರು ನಿಮಿಷ: ನರ್ಸಮ್ಮ. ಎಲ್ಲಿಯಾದರೂ ಸರಿ ಅಂದಳು. ಎಲ್ಲಿಯಾದರೂ ಸರಿ ಎನ್ನುವವರಿಗೆ ಸೀಟು ಹುಡುಕುವುದೇ ಕಷ್ಟ.

ಒಂಬತ್ತು ನಿಮಿಷ: ಹೊಸಬರು, ಗಂಡಸು, ನಲವತ್ತರ ಆಸುಪಾಸು. ಟಿಕೆಟ್ ಬೇಡವಂತೆ, ಒಳಗೆ ಏನಾಗುತ್ತದೆ ಎಂದು ಹೇಳಿದರೆ ಸಾಕಂತೆ. ಹೇಳಿದೆ. ಮರುದಿನ ಬಂದು ಟಿಕೆಟ್ ತೆಗೆದುಕೊಂಡರು, ಒಂದು ನಿಮಿಷ.

ಕಾರ್ಯದರ್ಶಿಗಳು ಒಂದು ಸಲ ಹಿಂದೆ ಬಂದು ನಿಂತು, "ಏನಮ್ಮಾ ಬರೀತಾ ಇದ್ದೀರಿ?" ಅಂದರು. "ಕಾಲೇಜಿನವರು ಕೇಳಿದ್ದಾರೆ ಸಾರ್" ಎಂದೆ. ಯಾವ ಕಾಲೇಜು, ಯಾರ ಮಗಳು, ಹೇಳಲಿಲ್ಲ. ನೀನು ಹೇಳಿದಂತೆ ಬಾಯಿಗೆ ಬೀಗ.

ಅಮ್ಮ


ಅಕ್ಟೋಬರ್ 30

ಅಮ್ಮಾ, ಅಮ್ಮಾ,

ತರಗತಿಗೇ ನಾನು ಮೊದಲು! ಮೇಡಮ್ ನನ್ನ ವರದಿಯನ್ನು ಎಲ್ಲರ ಮುಂದೆ ಎತ್ತಿ ಹಿಡಿದು, "ವರದಿ ಅಂದ್ರೆ ಹೀಗಿರಬೇಕು" ಅಂದರು. ಟೀವಿ ಕಂಪನಿಗಳ ಹಿಂದೆ ಬಿದ್ದವರು ಕಣ್ಣು ಕಣ್ಣು ಬಿಟ್ಟರು. ಎಲ್ಲ ನಿನ್ನ ನೋಟುಬುಕ್ಕಿನ ಪುಣ್ಯ. ಸರಾಸರಿ ತೆಗೆದರೆ ಒಬ್ಬರಿಗೆ ನಾಲ್ಕೂವರೆ ನಿಮಿಷ ಬಂತು. ಅದನ್ನು ಒಂದು ಕಂಬದ ಚಿತ್ರವಾಗಿ ಬಿಡಿಸಿ, ಪಕ್ಕದಲ್ಲಿ ಟಿಕೆಟ್ ಯಂತ್ರ ಇರುವ ಕಡೆಯ ಕಂಬ ಹಾಕಿದೆ, ಮುಕ್ಕಾಲು ನಿಮಿಷ. ನೋಡಿದ ಕೂಡಲೇ ಗೊತ್ತಾಗುತ್ತದೆ.

ಅಧ್ಯಯನ ಮಾಡಿದ ಸಂಸ್ಥೆಗೆ ಒಂದು ಪ್ರತಿ ಕೊಡುವುದು ಇಲ್ಲಿಯ ಕ್ರಮ. ಕಾರ್ಯದರ್ಶಿಗಳಿಗೆ ನಾನೇ ಅಂಚೆಗೆ ಹಾಕಿದೆ. ನಿನಗೆ ಕಳಿಸಲಿಲ್ಲ. ಒಳಗೆ ಇರುವುದೆಲ್ಲ ಗೆರೆ, ಕಂಬ, ಶೇಕಡಾ. ನಿನಗೆ ಎರಡನೇ ಪುಟಕ್ಕೇ ಆಕಳಿಕೆ ಬರುತ್ತದೆ.

ರಜೆಗೆ ಬರಲಾಗುವುದಿಲ್ಲ. ಕಾಲೇಜಿನ ಕಲಾಮೇಳಕ್ಕೆ ಮೊದಲ ವರ್ಷದವರೇ ದುಡಿಯಬೇಕು. ಬೇಜಾರಿಲ್ಲ, ನಾವು ನಾಲ್ವರೂ ಒಟ್ಟಿಗೇ ಇರುತ್ತೇವೆ. ನಿನ್ನೆ ನನ್ನ ಅಂಕದ ಖುಷಿಗೆ ಮೂವರೂ ನನ್ನನ್ನು ಹೊರಗೆ ಕರೆದುಕೊಂಡು ಹೋಗಿದ್ದರು.

ನಿನ್ನ
ಬಾಲ (ಈಗ ಸ್ವಲ್ಪ ಎತ್ತಿಕೊಂಡಿರುವ ಬಾಲ)


ಡಿಸೆಂಬರ್ 2

ಎತ್ತಿಕೊಂಡ ಬಾಲಕ್ಕೆ,

ತಡವಾಗಿ ಬರೆಯುತ್ತಿದ್ದೇನೆ, ಕಿಟಕಿಯಲ್ಲಿ ಕೈ ಬಿಡುವಿಲ್ಲ. ನಿನ್ನ ವರದಿ ಕಾರ್ಯದರ್ಶಿಗಳಿಗೆ ತಲುಪಿದೆ. ಓದಿದರಂತೆ. ತುಂಬ ಚೆನ್ನಾಗಿ ಬರೆದಿದ್ದಾಳೆ ಹುಡುಗಿ, ಯಾರೋ ಏನೋ, ಅಂದರು. ನನಗೆ ನಗು ತಡೆದುಕೊಳ್ಳುವುದೇ ಕಷ್ಟವಾಯಿತು.

ಹೊಸ ಸುದ್ದಿ ಒಂದಿದೆ. ಕೊಡೆಯಜ್ಜನಿಗೂ ನರ್ಸಮ್ಮನಿಗೂ ಮಾತು ಶುರುವಾಗಿದೆ! ನಡುವಿನ ಸೀಟಿನಲ್ಲಿ ಅಜ್ಜ ಕೊಡೆ ಇಟ್ಟರಂತೆ, ಅದು ಜಾರಿ ಇವಳ ಕಾಲ ಮೇಲೆ ಬಿತ್ತಂತೆ. ಅಜ್ಜ ಕ್ಷಮೆ ಕೇಳಿದರೆ ಇವಳು, "ದಿನಾ ಮುರಿದ ಕಾಲು ನೋಡೋಳು ನಾನು, ಇದ್ಯಾವ ಲೆಕ್ಕ" ಅಂದಳಂತೆ. ಮರುವಾರ ಇಬ್ಬರೂ ಕಿಟಕಿಗೆ ಒಂದೇ ಹೊತ್ತಿಗೆ ಬಂದರು. ಅಜ್ಜ ಕೊನೆಗೆ ಸಾಯುತ್ತಾರಾ ಎಂದು ಕೇಳುವುದನ್ನೇ ಮರೆತರು. ನಾನೇ ನೆನಪಿಸಿ, ಸಾಯುತ್ತಾರೆ, ಬಾಗಿಲ ಹತ್ತಿರ ಕೊಡಲಾ ಎಂದರೆ, "ಇರಲಿ ಬಿಡಮ್ಮಾ, ಇವತ್ತು ನೋಡೇಬಿಡೋಣ" ಅಂದರು.

ಇಂಥವು ದಿನಾ ಒಂದೊಂದು. ಬರೆಯಲು ಕೂತರೆ ಕೈಯೇ ನಿಲ್ಲುವುದಿಲ್ಲ. ನೀನು ಚೆನ್ನಾಗಿರು.

ಅಮ್ಮ


ಡಿಸೆಂಬರ್ 19

ಅಮ್ಮಾ,

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ಕೊಡೆಯಜ್ಜ ಆಮೇಲೆ ಏನಂದರು? ಸಾವನ್ನು ನೋಡಿ ಅತ್ತರಾ? ಪೂರ್ತಿ ಬರೆ.

ಕಲಾಮೇಳ ಮುಗಿಯಿತು. ಮೂರು ದಿನವೂ ನನಗೆ ಗೇಟಿನ ಕೆಲಸ ಕೊಟ್ಟಿದ್ದರು, ಬಂದವರ ಮಣಿಕಟ್ಟಿಗೆ ಮುದ್ರೆ ಒತ್ತುವುದು. ಸಾವಿರ ಜನರ ಕೈ ಹಿಡಿದೆ, ಒಬ್ಬರ ಮುಖವೂ ನೆನಪಿಲ್ಲ. ಒಳಗೆ ಹಾಡು ಕೇಳಿಸುತ್ತಿತ್ತು. ನನ್ನ ಜಾಗ ಬಿಟ್ಟು ಹೋಗುವಂತಿರಲಿಲ್ಲ. ನಿನಗೆ ಹದಿನಾರು ವರ್ಷ ಹೀಗೇ ಕೇಳಿಸಿತಲ್ಲವೇ, ಗೋಡೆಯ ಆಚೆಯಿಂದ?

ಇಲ್ಲಿ ಭಾನುವಾರ ತುಂಬ ಉದ್ದ. ಕೋಣೆಯವಳು ಶನಿವಾರವೇ ಮನೆಗೆ ಹೋಗುತ್ತಾಳೆ. ಗೆಳತಿಯರು ಇದ್ದಾರೆ, ಹಾಗಂತ ಭಾನುವಾರವೂ ಅವರ ತಲೆ ತಿನ್ನಲಾಗುತ್ತದೆಯೇ? ಬಟ್ಟೆ ಒಗೆದು ಹಾಕಿ, ಅದು ಒಣಗುವುದನ್ನು ನೋಡುತ್ತ ಕೂತಿರುತ್ತೇನೆ.

ಕಿಟಕಿಯ ಸುದ್ದಿ ಇನ್ನಷ್ಟು ಬರೆ. ಉದ್ದಕ್ಕೆ ಬರೆ.

ನಿನ್ನ
ಬಾಲ


ಜನವರಿ 15

ಮರೀ,

ಅಜ್ಜ ಅಳಲಿಲ್ಲ. ದೀಪ ಆರಿದಾಗ ನರ್ಸಮ್ಮ ಕೈ ಹಿಡಿದುಕೊಂಡಳಂತೆ, ನಾಡಿ ನೋಡುವ ಹಾಗೆ. "ಬಡೀತಾ ಇದೆ, ಭಯ ಪಡಬೇಡಿ" ಅಂದಳಂತೆ. ಅಜ್ಜನೇ ಬಂದು ಹೇಳಿ ನಕ್ಕರು. ಈಗ ಇಬ್ಬರಿಗೂ ನಾನು ಪಕ್ಕ ಪಕ್ಕದ ಸೀಟು ಕೊಡುತ್ತೇನೆ, ಕೇಳುವುದೂ ಇಲ್ಲ.

ಇನ್ನೊಬ್ಬಳು ಹೊಸ ಹುಡುಗಿ ಬರತೊಡಗಿದ್ದಾಳೆ, ನಿನ್ನ ವಯಸ್ಸಿನವಳು. ಒಬ್ಬಳೇ. ಅವಳಿಗೆ ಸರಿಯಾದ ಸೀಟು ಇನ್ನೂ ಸಿಕ್ಕಿಲ್ಲ. ಹುಡುಕುತ್ತಿದ್ದೇನೆ.

ಹೊಟ್ಟೆಗೆ ಸರಿಯಾಗಿ ತಿನ್ನು. ಭಾನುವಾರ ಬಟ್ಟೆ ನೋಡುತ್ತ ಕೂರಬೇಡ, ಎದ್ದು ಹೊರಗೆ ಓಡಾಡು.

ಅಮ್ಮ


ಜನವರಿ 30

ಪ್ರೀತಿಯ ಮಗೂ,

ನಾನು ನಾಟಕಮಂದಿರದ ದೀಪದ ಮಾಮ. ಕಾಗದ ಬರೆದು ನನಗೆ ಅಭ್ಯಾಸ ಇಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊ. ನಿನಗೆ ಬರೆಯುವುದಿಲ್ಲ ಎಂದು ನಿನ್ನಮ್ಮನಿಗೆ ಮಾತು ಕೊಟ್ಟಿದ್ದೆ, ಆ ಮಾತು ಈಗ ಮುರಿಯುತ್ತಿದ್ದೇನೆ.

ಕಿಟಕಿ ಮುಚ್ಚಿ ಎರಡೂವರೆ ತಿಂಗಳಾಯಿತು. ನವೆಂಬರ್ ಮಧ್ಯದಲ್ಲಿ ಸಮಿತಿಯವರು ಸಭೆ ಸೇರಿದರು. ಟಿಕೆಟ್ ಯಂತ್ರ ತರಬೇಕು ಎಂದು ಅವರು ಎರಡು ವರ್ಷದಿಂದ ಹೇಳುತ್ತಲೇ ಇದ್ದರು, ಯಾರಾದರೊಬ್ಬರು ಬೇಡ ಎನ್ನುತ್ತಿದ್ದರು. ಈ ಸಲ ಕಾರ್ಯದರ್ಶಿ ಒಂದು ವರದಿ ಮುಂದಿಟ್ಟರು. ಒಬ್ಬರಿಗೆ ನಾಲ್ಕೂವರೆ ನಿಮಿಷ ಎಂದು ಅದರಲ್ಲಿತ್ತು. ಅದೇ ಸಭೆಯಲ್ಲಿ ಯಂತ್ರಕ್ಕೆ ಒಪ್ಪಿಗೆ ಕೊಟ್ಟರು. ಆ ವರದಿ ಯಾರದು ಎಂದು ನಿನ್ನಮ್ಮ ನನಗೊಬ್ಬನಿಗೇ ಹೇಳಿದಳು. ಸಮಿತಿಯವರಿಗೆ ಈಗಲೂ ಗೊತ್ತಿಲ್ಲ.

ಕೆಲಸದಿಂದ ತೆಗೆದಿಲ್ಲ. ಬೆಳಿಗ್ಗೆ ಹೊತ್ತು ಉಗ್ರಾಣದಲ್ಲಿ ಹಳೇ ವೇಷಭೂಷಣದ ಪಟ್ಟಿ ಮಾಡುವ ಕೆಲಸ ಕೊಟ್ಟಿದ್ದಾರೆ. ಅಲ್ಲಿ ಮಾತಾಡಲು ಪೆಟ್ಟಿಗೆಗಳು ಮಾತ್ರ. ಸಂಜೆ ನಾಲ್ಕಕ್ಕೆ, ಕಿಟಕಿ ತೆರೆಯುತ್ತಿದ್ದ ಹೊತ್ತಿಗೆ, ದಿನಾ ಮನೆಯಿಂದ ಹೊರಡುತ್ತಾಳೆ. ಪಕ್ಕದ ಮನೆಯವರಿಗೂ ಗೊತ್ತಾಗಬಾರದಂತೆ. ನಮ್ಮ ರಸ್ತೆಯ ವಾಚನಾಲಯಕ್ಕೆ ಹೋಗಿ ಕೂರುತ್ತಾಳೆ. ಮೊನ್ನೆ ನಾನು ಪೇಪರ್ ನೋಡಲು ಹೋದಾಗ ಏನೋ ಬರೆಯುತ್ತ ಕೂತಿದ್ದಳು. ಕೇಳಿದರೆ, "ಮಗಳಿಗೆ ಕಿಟಕಿ ಸುದ್ದಿ ಬೇಕಂತೆ, ಕೊಡೆಯಜ್ಜನಿಗೂ ನರ್ಸಮ್ಮನಿಗೂ ಮಾತು ಮಾಡಿಸ್ತಾ ಇದ್ದೀನಿ" ಅಂದಳು. ನಕ್ಕಳು. ನಾನು ಪೇಪರ್ ನೋಡದೆ ಎದ್ದು ಬಂದೆ.

ಯಂತ್ರ ಬಂದ ಮೇಲೆ ಕೊಡೆಯಜ್ಜ ಒಂದೇ ಸಲ ಬಂದಿದ್ದ. ಯಂತ್ರದ ಮುಂದೆ ನಿಂತ, ಹಿಂದಿನವರು ಅವಸರ ಮಾಡಿದರು, ಪಕ್ಕಕ್ಕೆ ಸರಿದು ಹಾಗೇ ಹೊರಟುಹೋದ. ಆಮೇಲೆ ಬಂದಿಲ್ಲ.

ನಿನ್ನ ಮೇಲೆ ತಪ್ಪು ಹೊರಿಸಲು ಬರೆದದ್ದಲ್ಲ. ಅವಳು ಒಬ್ಬಳೇ ಆಗಿಬಿಟ್ಟಿದ್ದಾಳೆ, ನಿನಗೆ ಗೊತ್ತಿರಲಿ ಎಂದು ಬರೆದೆ.

ನಿನ್ನ
ದೀಪದ ಮಾಮ


ಫೆಬ್ರವರಿ 3

ಅಮ್ಮಾ,

ಮಾಮ ಬರೆದರು. ಅವರ ಮೇಲೆ ಕೋಪ ಮಾಡಿಕೊಳ್ಳಬೇಡ.

ಫೋನ್ ಮಾಡಲು ಮೂರು ಸಲ ಕೈಗೆತ್ತಿಕೊಂಡೆ. ನೀನು "ಊಟ ಆಯ್ತಾ" ಎಂದು ಕೇಳುತ್ತೀಯ, ನಾನು ಆಯ್ತು ಎನ್ನುತ್ತೇನೆ, ಅಲ್ಲಿಗೆ ನನ್ನ ಧೈರ್ಯ ಮುಗಿದುಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ನೋಟುಬುಕ್ಕಿನ ಬಲಗಡೆಯನ್ನು ನಾನು ಓದಿದ್ದೆ, ಅಮ್ಮ. ಓದಿಲ್ಲ ಎಂದು ಸುಳ್ಳು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಒಂದೊಂದು ಸಾಲನ್ನೂ ಓದಿದೆ, ನಕ್ಕೆ, ಒಂದು ಕಡೆ ಅತ್ತೂ ಬಿಟ್ಟೆ. ಆಮೇಲೆ ಎಡಗಡೆಯ ಅಂಕಿಗಳನ್ನು ಮಾತ್ರ ಕಂಪ್ಯೂಟರಿಗೆ ಹಾಕಿದೆ. ಬಲಗಡೆಯದನ್ನು ಹಾಕಲು ಅಲ್ಲಿ ಜಾಗವಿರಲಿಲ್ಲ. ಜಾಗ ಮಾಡಬಹುದಿತ್ತು. ಮಾಡಿದರೆ ಇವಳ ತಾಯಿ ಇರಬೇಕು ಅಂತಾರೆ ಎಂದು ಹೆದರಿದೆ. ಪಕ್ಷಪಾತ ಬೇಡವೆಂದು ಬೇರೆ ಯಾರ ಬಗ್ಗೆಯೂ ಬರೆಯದಷ್ಟು ಕಟುವಾಗಿ ನಿನ್ನ ಬಗ್ಗೆ ಬರೆದೆ. ಅದಕ್ಕೇ ನನಗೆ ಮೊದಲ ಸ್ಥಾನ ಬಂತು.

ಇನ್ನೊಂದು ಸುಳ್ಳಿದೆ. ನನಗೆ ಗೆಳತಿಯರಿಲ್ಲ. ನಗುವವಳು, ಜಡೆಯವಳು, ಪದ್ಯದವಳು ಇದ್ದಾರೆ, ಆದರೆ ಅವರು ಪಕ್ಕದ ಮೇಜಿನವರು. ಅವರ ಮಾತು ನನಗೆ ಕೇಳಿಸುತ್ತದೆ, ಅಷ್ಟೇ. ಒಬ್ಬಳೇ ಕೂತಿದ್ದೇನೆ ಎಂದು ಯಾರಿಗೂ ಅನಿಸದಿರಲಿ ಅಂತ ಊಟದ ಹೊತ್ತಿಗೇ ನಿನಗೆ ಪತ್ರ ಬರೆಯುತ್ತೇನೆ. ಅಂಕ ಬಂದ ದಿನ ನನ್ನನ್ನು ಯಾರೂ ಹೊರಗೆ ಕರೆದುಕೊಂಡು ಹೋಗಲಿಲ್ಲ. ನಾನೇ ಹೋಗಿ, ಒಂದು ಸುತ್ತು ಹಾಕಿ ಬಂದೆ.

ಈ ಓದು ನನಗೆ ಬೇಡ. ಬಿಟ್ಟು ಬರುತ್ತೇನೆ. ಕಾರ್ಯದರ್ಶಿಗಳಿಗೆ ವರದಿ ತಪ್ಪು ಎಂದು ಬರೆಯುತ್ತೇನೆ. ನಿನ್ನ ಕಿಟಕಿ ಮತ್ತೆ ತೆರೆಸಲು ಏನು ಮಾಡಬೇಕೋ ಹೇಳು.

ನೀನು ಯಾಕೆ ನನಗೆ ಒಂದು ಮಾತೂ ಬೈಯಲಿಲ್ಲ?

ನಿನ್ನ ಮಗಳು


ಫೆಬ್ರವರಿ 11

ಮಗಳೇ,

ಓದು ಬಿಡುವ ಮಾತು ಇನ್ನೊಂದು ಸಲ ಎತ್ತಿದರೆ ನೋಡು. ನೀನು ಬಿಟ್ಟು ಬಂದರೆ ನನಗೆ ಕಿಟಕಿಯೂ ಇಲ್ಲ, ಕಿಟಕಿ ಹೋದದ್ದಕ್ಕೆ ಕಾರಣವೂ ಇಲ್ಲ ಎಂದಾಗುತ್ತದೆ.

ಕಾರ್ಯದರ್ಶಿಗಳಿಗೂ ಬರೆಯಬೇಡ. ನಿನ್ನ ಅಂಕಿ ತಪ್ಪಲ್ಲ, ನಾನೇ ಅಳೆದದ್ದು. ಯಂತ್ರ ತರಲು ಅವರಿಗೆ ಮೊದಲೇ ಮನಸ್ಸಿತ್ತು, ಒಂದು ಕಾಗದ ಬೇಕಿತ್ತು. ಆದರೆ ಸಿಕ್ಕಿದ ಕಾಗದ ನಿನ್ನದು. ಎರಡೂ ನಿಜ. ಕಿಟಕಿಗೆ ಹಲಗೆ ಹೊಡೆದು ಬಣ್ಣ ಬಳಿದಿದ್ದಾರೆ. ಅದು ಇನ್ನು ತೆರೆಯುವುದಿಲ್ಲ.

ಆ ವರದಿಯನ್ನು ನಾನು ಓದಿದ್ದೇನೆ. ಕಾರ್ಯದರ್ಶಿಗಳ ಹತ್ತಿರ ಕೇಳಿ ಪಡೆದು, ಉಗ್ರಾಣದಲ್ಲಿ ಕೂತು ಕೊನೆಯವರೆಗೆ ಓದಿದೆ. ಆಕಳಿಕೆ ಬರಲಿಲ್ಲ. ಒಂಬತ್ತನೇ ಪುಟದಲ್ಲಿ, "ಕಿಟಕಿಯ ಸಿಬ್ಬಂದಿಯು ಅನಗತ್ಯ ಸಂಭಾಷಣೆಯಲ್ಲಿ ತೊಡಗುತ್ತಾರೆ" ಎಂದು ಬರೆದಿದ್ದೀಯ. ಆ "ಅನಗತ್ಯ" ಇದೆಯಲ್ಲ, ಅದು ಯಾರ ಮಾತು? ಅಜ್ಜನನ್ನು ಕೇಳಿದೆಯಾ? ನರ್ಸಮ್ಮನನ್ನು ಕೇಳಿದೆಯಾ? ಕಿಟಕಿ ಹೋದದ್ದಕ್ಕಿಂತ ಆ ಒಂದು ಪದ ನನ್ನನ್ನು ಹೆಚ್ಚು ನೋಯಿಸಿತು. ಅದನ್ನು ಓದಿದ ದಿನ ಪೆಟ್ಟಿಗೆಯೊಳಗಿನ ರಾಜನ ಅಂಗಿಯಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಆಮೇಲೆ ಆ ಅಂಗಿಯನ್ನು ಒಗೆದು ಪಟ್ಟಿಗೆ ಸೇರಿಸಿದೆ.

ಗೆಳತಿಯರ ಸುಳ್ಳು ನನಗೆ ಯಾವಾಗಲೋ ಗೊತ್ತಾಗಿತ್ತು. ನಾಲ್ಕು ಹುಡುಗಿಯರು, ಐದು ತಿಂಗಳು, ಒಂದೂ ಜಗಳವಿಲ್ಲ, ಯಾರೂ ಮುಖ ಊದಿಸಿಕೊಂಡಿಲ್ಲ. ಇಂಥ ಗೆಳೆತನ ಎಲ್ಲಾದರೂ ಉಂಟೇ? ಎರಡು ಟಿಕೆಟ್ ತೆಗೆದುಕೊಂಡು, "ಇನ್ನೊಬ್ಬರು ಬರ್ತಾ ಇದ್ದಾರೆ" ಎಂದು ಹೇಳಿ, ಒಬ್ಬರೇ ಒಳಗೆ ಹೋಗಿ ಕೂರುವವರನ್ನು ಎಷ್ಟು ಜನರನ್ನು ನೋಡಿಲ್ಲ ನಾನು. ಅವರನ್ನು ಎಂದೂ ಪ್ರಶ್ನೆ ಕೇಳಲಿಲ್ಲ. ನಿನ್ನನ್ನೂ ಕೇಳಲಿಲ್ಲ. ಕೇಳಬೇಕಿತ್ತು. ನೀನು ಕಿಟಕಿಗೆ ಬಂದ ಗಿರಾಕಿಯಲ್ಲ, ನನ್ನ ಮಗಳು. ಅದು ನನ್ನ ತಪ್ಪು.

ಅದರ ಬದಲು ನಾನೂ ಸುಳ್ಳು ಬರೆಯುತ್ತ ಕೂತೆ. ನಿನಗೆ ಗೊತ್ತಾದರೆ ಓದಿನಲ್ಲಿ ಮನಸ್ಸು ನಿಲ್ಲುವುದಿಲ್ಲ ಎಂದುಕೊಂಡೆ. ಅದು ಅರ್ಧ ನಿಜ. ಉಳಿದರ್ಧ, ಅವರಿಬ್ಬರಿಗೆ ಮಾತು ಮಾಡಿಸುತ್ತ ಕೂತಾಗ ನನಗೆ ಹೊತ್ತು ಹೋಗುತ್ತಿತ್ತು.

ಯಾಕೆ ಬೈಯಲಿಲ್ಲ ಎಂದು ಕೇಳಿದ್ದೀಯ. ಕೋಪ ಇಲ್ಲ ಅಂದುಕೊಂಡೆಯಾ? ಇದೆ, ಬೇಕಾದಷ್ಟಿದೆ. ಕಾಗದದ ಮೇಲೆ ಬೈದು ನೋಡಿದೆ, ಮೂರು ಹಾಳೆ ಹರಿದು ಹಾಕಿದೆ. ಬರೆದಾಗ ಯಾವುದೋ ಕಚೇರಿಯ ನೋಟೀಸಿನ ಹಾಗೆ ಕಾಣುತ್ತದೆ. ಬೈಯುವಾಗ ಎದುರಿಗೆ ಮುಖ ಬೇಕು.

ಎರಡು ದಿನ ರಜೆ ಹಾಕಿ ಬಾ. ಕ್ಷಮೆ ಕೇಳಲು ಬರಬೇಡ, ಬೈಸಿಕೊಳ್ಳಲು ಬಾ. ಸುಮ್ಮನೆ ತಲೆ ತಗ್ಗಿಸಿ ನಿಲ್ಲಬೇಡ, ನನಗೆ ಅದು ಆಗದು. ಈ ಮನೆಯಲ್ಲಿ ನಾನು ಗಟ್ಟಿಯಾಗಿ ಒಂದು ಮಾತಾಡಿ, ಅದಕ್ಕೆ ಇನ್ನೊಬ್ಬರು ಒಂದು ಮಾತಾಡಿ, ಏಳು ತಿಂಗಳಾಯಿತು. ಬಂದು ಎದುರುತ್ತರ ಕೊಡು.

ಅಮ್ಮ